ಭಾನುವಾರ, ಐದು ಕೆಜಿ ಅವರೆಕಾಯಿ, ಅತ್ತೆಯ ಓಲೆ

ಇವತ್ತು ಎಲ್ಲಿಗೂ ಹೋಗಲಿಲ್ಲ. ಯಾರೂ ಬರಲೂ ಇಲ್ಲ. ಬೆಳಿಗ್ಗೆ ನಮ್ಮವರು ಗಾಂಧಿ ಬಜಾರಿಗೆ ಹೋಗಿ ಐದು ಕೆಜಿ ಅವರೆಕಾಯಿ ತಂದರು. ಚೀಲ ಬಿಚ್ಚಿದ್ದೇ ತಡ, ಮನೆ ತುಂಬಾ ಸೊಗಡು. ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ, ನಡುವೆ ಕಾಯಿ ಸುರಿದುಕೊಂಡು ನಾನು, ಅತ್ತೆ, ಮಗ ಸುತ್ತ ಕೂತೆವು. ಎದ್ದಾಗ ಮಧ್ಯಾಹ್ನ ಒಂದೂವರೆ.

ಸುಲಿದ ಕಾಳೇ ಸಿಗುತ್ತದಲ್ಲ, ಯಾಕಿಷ್ಟು ಕಷ್ಟ ಅಂತ ಪಕ್ಕದ ಮನೆಯವರು ಕೇಳಿದರು. ಹೌದು, ಸಿಗುತ್ತದೆ. ಆಫೀಸಿನ ದಿನಗಳಲ್ಲಿ ನಾನೂ ಅದನ್ನೇ ತರುತ್ತೇನೆ. ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಸುಲಿದು ಮಾರುವ ಹೆಂಗಸರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ. ಅದು ಸಿಗಲೇಬೇಕು. ಆದರೆ ಭಾನುವಾರ ಮಾತ್ರ ನನಗೆ ಕಾಯಿಯೇ ಬೇಕು. ಭಾನುವಾರ ಅವರೆ ಸುಲಿಯುವುದು ಕೆಲಸ ಅಂತ ನನಗೆ ಅನಿಸುವುದೇ ಇಲ್ಲ. ಮನೆಯವರೆಲ್ಲ ಒಂದೇ ಕಡೆ ಸುಮ್ನೆ ಕೂತಿರಲು ಅದಕ್ಕಿಂತ ಒಳ್ಳೆ ನೆಪ ಬೇರೆ ಇಲ್ಲ. ಕಾಯಿಯ ಮೇಲಿನ ಎಣ್ಣೆಯಂಥ ಜಿಡ್ಡು ಕೈಗೆ ಹತ್ತಿದ ಮೇಲೆ ಫೋನ್ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಉಗುರಿನ ಸಂದಿ ಹಸಿರಾಗುತ್ತದೆ. ಸೋಪು ಹಾಕಿ ತೊಳೆದರೂ ಸೋಮವಾರದವರೆಗೆ ಬೆರಳಲ್ಲಿ ಆ ವಾಸನೆ ಇರುತ್ತದೆ. ನನಗೆ ಅದು ತುಂಬಾ ಇಷ್ಟ.

ಈಗ ಮೇ ತಿಂಗಳಲ್ಲೂ ಅವರೆ ಬರುತ್ತದಲ್ವಾ. ನಾಟಿ ಅವರೆ ಹಾಗಲ್ಲ. ಹಗಲು ಗಿಡ್ಡವಾಗುವವರೆಗೆ ಅದು ಹೂವೇ ಬಿಡುವುದಿಲ್ಲ. ಅದಕ್ಕೇ ಡಿಸೆಂಬರ್, ಜನವರಿ ಅಂದರೆ ಅವರೆ ಕಾಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ಮಾಡಿದರು. ಅವಕ್ಕೆ ಹಗಲಿನ ಲೆಕ್ಕ ಇಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕಟ್ಟುತ್ತದೆ. ರೈತರಿಗೆ ಒಳ್ಳೆಯದೇ ಆಯಿತು. ಆದರೆ ಬೇಸಿಗೆಯಲ್ಲಿ ತಂದ ಕಾಯಲ್ಲಿ ಈ ಘಮ ನನಗಂತೂ ಸಿಕ್ಕಿಲ್ಲ. 'ಮಂಜು ಕುಡೀಬೇಕು ಕಣಮ್ಮ' ಅಂತಾರೆ ಅತ್ತೆ. ಅವರು ಮಾಗಡಿ ಕಡೆಯವರು, ಅವರೆ ವಿಷಯದಲ್ಲಿ ಅವರ ಮಾತೇ ಕೊನೆ.

ಮಗ ಏಳನೇ ಕ್ಲಾಸು. ವೀರಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೇಯಿಸಿ ಕೊಟ್ಟದ್ದು ಇದೇ ಕಾಳಾ ಅಂತ ಕೇಳಿದ. ಬೆಂದಕಾಳೂರಿನ ಕಥೆ ನನಗೂ ಪ್ರೀತಿಯೇ. ಆದರೂ ನಿಜ ಹೇಳಿದೆ. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ, ಅದರಲ್ಲಿ ಆಗಲೇ ಬೆಂಗಳೂರು ಅನ್ನೋ ಹೆಸರಿದೆ, ಬಲ್ಲಾಳ ಬಂದದ್ದು ಅದಾಗಿ ಮುನ್ನೂರು ವರ್ಷಕ್ಕೆ ಅಂದೆ. ಅವನ ಮುಖ ಸಣ್ಣಗಾಯಿತು. ಅತ್ತೆ ಸುಲಿಯುತ್ತಲೇ ಅವನಿಗೆ ಅಂದರು: 'ಊರ ಹೆಸರು ಇರ್ಲಿ ಬಿಡಪ್ಪ. ಈ ಓಲೆ ಅವರೆಕಾಯಿಂದ ಬಂದಿದ್ದು, ಗೊತ್ತಾ?'

ನನ್ನ ಕೈ ನಿಂತುಹೋಯಿತು. ಆ ಓಲೆ ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಏಳು ಕೆಂಪಿನ ಕಲ್ಲು, ಎಡಗಿವಿಯದರಲ್ಲಿ ಒಂದು ಕಲ್ಲು ಮಸುಕು. ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿರಲಿಲ್ಲ.

ಅವರ ಹೊಲದಲ್ಲಿ ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತಿದ್ದರಂತೆ. ರಾಗಿ ಕುಯ್ದ ಮೇಲೂ ಕೂಳೆಯ ಮಧ್ಯೆ ಅವರೆ ಬಳ್ಳಿ ಹಸಿರಾಗಿ ನಿಂತಿರುತ್ತಿತ್ತು. ರಾಗಿ ಗಂಡಸರ ಲೆಕ್ಕ. ಅಕ್ಕಡಿಯಲ್ಲಿ ಬಂದದ್ದು ಹೆಂಗಸರದು. ಅವರ ಮನೆಯಲ್ಲಿ ಅದನ್ನು ಯಾರೂ ಕೇಳುವ ಹಾಗಿರಲಿಲ್ಲವಂತೆ. ಅತ್ತೆಯ ಅವ್ವ ಕತ್ತಲಿರುವಾಗಲೇ ಎದ್ದು ಮಂಜಲ್ಲಿ ಕಾಯಿ ಬಿಡಿಸಿ, ಸಂತೆಗೆ ಹೊತ್ತು, ಬಂದ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಹಾಗೆ ಮೂರು ಸುಗ್ಗಿಯ ದುಡ್ಡು ಸೇರಿ ಈ ಓಲೆ ಆಯಿತು. 'ಸೀರೆ ತುದಿಯೆಲ್ಲ ನೆನೆದು, ಕೈ ಸೆಟೆದು ಹೋಗಿರ್ತಿತ್ತು ನಮ್ಮವ್ವಂದು' ಅಂದರು ಅತ್ತೆ. ಅಷ್ಟು ಹೇಳಿ, ಕಪ್ಪು ಚುಕ್ಕೆಯಿದ್ದ ಕಾಯೊಂದನ್ನು ಬಿಡಿಸಿ, ಒಳಗಿನ ಹಸಿರು ಹುಳವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು.

ಅತ್ತೆ ಜಾಸ್ತಿ ಮಾತಾಡುವವರಲ್ಲ. ಎದುರಿಗೆ ಕೂರಿಸಿ ನಿಮ್ಮ ಬಾಲ್ಯದ ಬಗ್ಗೆ ಹೇಳಿ ಅಂದಿದ್ದರೆ, ಏನಿದೆ ಹೇಳಕ್ಕೆ ಅಂತ ಎದ್ದು ಹೋಗುತ್ತಿದ್ದರು. ಕಣ್ಣು ಕಾಯಿಯ ಮೇಲಿದ್ದರೆ, ಕೈಗೆ ಕೆಲಸ ಇದ್ದರೆ ಮಾತು ತಾನಾಗೇ ಬರುತ್ತದೆ. ಇಂಥ ಕೂರುವಿಕೆ ನಮ್ಮ ಮನೆಗಳಲ್ಲಿ ಮೊದಲು ಎಷ್ಟಿತ್ತು! ಹಪ್ಪಳ ಒತ್ತಲು, ಹುಣಸೆಹಣ್ಣಿನ ಬೀಜ ತೆಗೆಯಲು, ಅಕ್ಕಿ ಆರಿಸಲು. ಈಗ ಎಲ್ಲವೂ ರೆಡಿ ಬರುತ್ತದೆ. ಕಷ್ಟ ತಪ್ಪಿತು, ಅದರ ಬಗ್ಗೆ ನನಗೆ ಬೇಜಾರಿಲ್ಲ. ಆ ಕಷ್ಟವೆಲ್ಲ ಬಿದ್ದದ್ದು ಹೆಂಗಸರ ಮೇಲೇ. ಆದರೆ ವಾರಕ್ಕೊಂದು ಸಲವಾದರೂ ಮನೆಯಲ್ಲಿ ಗಂಡು ಹೆಣ್ಣು ಅನ್ನದೆ ಎಲ್ಲರೂ ಏನನ್ನಾದರೂ ಸುಲಿಯುತ್ತಾ ಕೂರಬೇಕು ಅಂತ ನನ್ನಾಸೆ. ಇವತ್ತು ನಮ್ಮವರೂ ಹನ್ನೊಂದಕ್ಕೆ ಬಂದು ಸೇರಿಕೊಂಡರು. ತನ್ನ ಅಮ್ಮನ ಓಲೆಯ ಕಥೆ ಅವರಿಗೂ ಹೊಸದು.

ಒಂದಿಷ್ಟು ಕಾಳು ನಾಳೆಯ ಅಕ್ಕಿರೊಟ್ಟಿಗೆ ಎತ್ತಿಟ್ಟೆ. ಉಳಿದದ್ದು ಮಧ್ಯಾಹ್ನದಿಂದ ನೀರಲ್ಲಿ ನೆನೆಯುತ್ತಿದೆ. ಈಗ ರಾತ್ರಿ ಒಂಬತ್ತು. ಒಂದು ಕಾಳು ಬೆರಳಲ್ಲಿ ಹಿಡಿದು ಹಿತುಕಿ ನೋಡಿದೆ. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಳಕ್ ಅಂತ ಹಾರಿತು. ಅತ್ತೆ ಆಗಲೇ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಾರೆ, ಕರೆಯುತ್ತಿದ್ದಾರೆ. ಹೋಗುತ್ತೇನೆ. ಆ ಸಂತೆ ಯಾವ ಊರಿನದು ಅಂತ ಕೇಳುವುದು ಬಾಕಿ ಇದೆ.