5 ದಿನಕ್ಕೆ 5 ಊರು ಬೇಡ
ನಿಮ್ಮ ಪ್ರವಾಸ ಲೇಖನದಲ್ಲಿ ಮಧುರೈ, ರಾಮೇಶ್ವರ, ಕನ್ಯಾಕುಮಾರಿ, ಕೊಚ್ಚಿ, ಮುನ್ನಾರ್ ಎಲ್ಲಾ 5 ದಿನದಲ್ಲಿ ಮುಗಿಸಬಹುದು ಅಂತ ಬರೆದಿದ್ದೀರಿ. ಕಾರಿನಲ್ಲಿ ಕೂತೇ ನೋಡುವುದಾದರೆ ಸರಿ! ನಾವು ಕೋಲಾರದಿಂದ ಅಮ್ಮ, ಇಬ್ಬರು ಮಕ್ಕಳ ಜೊತೆ ಕೃಷ್ಣಗಿರಿ, ಸೇಲಂ ದಾರಿಯಲ್ಲಿ ಹೋಗಿದ್ದೆವು. ಮಧುರೈ ಮುಟ್ಟುವಾಗ ಮಧ್ಯಾಹ್ನ 1 ಗಂಟೆ, ಮೀನಾಕ್ಷಿ ಗುಡಿ ಬಾಗಿಲು ಹಾಕಿತ್ತು, ಸಂಜೆ 4ರವರೆಗೆ ಸುಮ್ನೆ ಬಿಸಿಲಲ್ಲಿ ಕಾದಿದ್ದೇ ಬಂತು. ರಾಮೇಶ್ವರದಲ್ಲಿ ಗುಡಿಯ 22 ತೀರ್ಥಗಳ (ಪವಿತ್ರ ಬಾವಿ-ಕೊಳಗಳ) ಸ್ನಾನ ಮಾಡಿ, ಒದ್ದೆ ಬಟ್ಟೆ ಬದಲಾಯಿಸಿಕೊಂಡೇ ದರ್ಶನಕ್ಕೆ ನಿಲ್ಲಬೇಕು, ವಯಸ್ಸಾದವರಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತೆ ಅಲ್ವಾ. ಅಲ್ಲಿಂದ ಕನ್ಯಾಕುಮಾರಿಗೆ ಮತ್ತೆ 300 ಕಿ.ಮೀ. ಘಾಟಿ ತಿರುವಿನಲ್ಲಿ ಚಿಕ್ಕವನು ವಾಂತಿ ಮಾಡಿಕೊಂಡಾನೆಂದು ಮುನ್ನಾರ್ ಬಿಟ್ಟೇಬಿಟ್ಟೆವು. ಅಮ್ಮ ಮಾತ್ರ ಈಗಲೂ ಮುನ್ನಾರಿನ ಚಹಾ ತೋಟದ ಫೋಟೊ ತೋರಿಸಿ ಬೈಯುತ್ತಾರೆ.