ಹಿಂದೆ ನಿಂತವರ ಬಗ್ಗೆ ಯಾಕೆ ಮಾತೇ ಇಲ್ಲ?

ಜಾಝ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಸ್ವಲ್ಪ ಹೊತ್ತಿಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಸ್ಯಾಕ್ಸೋಫೋನ್ ವಾದಕರಲ್ಲಿ ಜಾನ್ ಕೋಲ್ಟ್ರೇನ್ ದೊಡ್ಡವನೋ, ಸನ್ನಿ ರೋಲಿನ್ಸ್ ದೊಡ್ಡವನೋ? ಅಲ್ಲಿಂದ ಮಾತು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ಗೆ ಹೋಗುತ್ತದೆ, ಚಾರ್ಲಿ ಪಾರ್ಕರ್‌ಗೆ ಹೋಗುತ್ತದೆ. ಕೊನೆಗೆ ಯಾರೋ ಒಬ್ಬರು ಇವರೆಲ್ಲರಿಗಿಂತ ಹಿಂದಿನ ಲೆಸ್ಟರ್ ಯಂಗ್ ಹೆಸರು ತೆಗೆದು, ನಿಮಗಿಂತ ಮೊದಲಿಂದ ಕೇಳುತ್ತಿರುವವನು ನಾನು ಅಂತ ಮೀಸೆ ತಿರುವುತ್ತಾರೆ. ಈ ಜಗಳದಲ್ಲಿ ನಾನೂ ಖುಷಿಯಿಂದಲೇ ಕೂರುತ್ತೇನೆ. ಮಜಾ ಇರುತ್ತದೆ.

ಆದರೆ ನನ್ನದೊಂದು ತಕರಾರಿದೆ. ಈ ಮಾತೆಲ್ಲ ಮುಂದೆ ನಿಂತು ಊದುವವರ ಬಗ್ಗೆಯೇ. ಹಿಂದೆ ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಹಿಡಿದು ನಿಂತವನು, ಡ್ರಮ್ಸ್ ಬಾರಿಸುವವನು, ಪಿಯಾನೋ ಮುಂದೆ ಕೂತವನು, ಇವರ ಹೆಸರು ಬರುವುದೇ ಅಪರೂಪ. ಬಂದರೂ "ರಿದಮ್ ಸೆಕ್ಷನ್ ಚೆನ್ನಾಗಿದೆ" ಅಂತ ಒಂದೇ ಮಾತಲ್ಲಿ ಮುಗಿದುಹೋಗುತ್ತದೆ. ನನ್ನನ್ನು ಕೇಳಿದರೆ ಜಾಝ್‌ನ ಅರ್ಧಕ್ಕಿಂತ ಜಾಸ್ತಿ ಕಥೆ ಇರುವುದೇ ಈ ಮೂವರ ಹತ್ತಿರ.

ಕೋಲ್ಟ್ರೇನ್, ರೋಲಿನ್ಸ್ ಪ್ರಶ್ನೆಯನ್ನೇ ತಗೊಳ್ಳಿ. ಈ ಇಬ್ಬರೂ ಒಟ್ಟಿಗೆ ನುಡಿಸಿದ ರೆಕಾರ್ಡಿಂಗ್ ಒಂದೇ ಒಂದು ಇದೆ. 1956ರ ಮೇ 24ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋದಲ್ಲಿ ಆದ 'ಟೆನರ್ ಮ್ಯಾಡ್ನೆಸ್'. ಸ್ಟುಡಿಯೋ ಅಂದರೆ ಅವನ ಅಪ್ಪ ಅಮ್ಮನ ಮನೆಯ ಹಜಾರ, ಅಷ್ಟೇ. ಹಗಲು ಹೊತ್ತು ಅವನು ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿಸ್ಟ್! ಆ ಆಲ್ಬಂ ರೋಲಿನ್ಸ್‌ದು. ಕೋಲ್ಟ್ರೇನ್ ನುಡಿಸಿದ್ದು ಅದರಲ್ಲಿ ಒಂದೇ ಹಾಡಿಗೆ, 12 ನಿಮಿಷ ಚಿಲ್ಲರೆ. ಯಾರು ಗೆದ್ದರು ಅಂತ ಇವತ್ತಿಗೂ ವಾದ ನಡೆಯುತ್ತದೆ. ಅವರ ಹಿಂದೆ ಇದ್ದವರು ಯಾರು ಅಂತ ಕೇಳಿ ನೋಡಿ. ತುಂಬಾ ಜನ ತಲೆ ಕೆರೆದುಕೊಳ್ಳುತ್ತಾರೆ.

ಪಿಯಾನೋದಲ್ಲಿ ರೆಡ್ ಗಾರ್ಲಂಡ್. ಬೇಸ್‌ನಲ್ಲಿ ಪಾಲ್ ಚೇಂಬರ್ಸ್. ಡ್ರಮ್ಸ್‌ನಲ್ಲಿ ಫಿಲ್ಲಿ ಜೋ ಜೋನ್ಸ್. ಮೂವರೂ ಆಗ ಮೈಲ್ಸ್ ಡೇವಿಸ್‌ನ ತಂಡದವರು. ಅಂದರೆ ಅವತ್ತು ರೋಲಿನ್ಸ್ ಇನ್ನೊಬ್ಬನ ತಂಡದ ಬೆನ್ನೆಲುಬನ್ನೇ ಎರವಲು ತಂದಿದ್ದ.

ಮುಂದಿನ ಜನವರಿಯಲ್ಲಿ ಇದೇ ಮೂವರು ಲಾಸ್ ಏಂಜಲೀಸ್‌ಗೆ ಹೋಗಿದ್ದರು. ಅಲ್ಲಿ ಆಲ್ಟೋ ಸ್ಯಾಕ್ಸೋಫೋನ್ ವಾದಕ ಆರ್ಟ್ ಪೆಪರ್ ಇವರ ಜೊತೆ ಒಂದೇ ದಿನದಲ್ಲಿ ಒಂದು ಆಲ್ಬಂ ಮಾಡಿದ. ಇವತ್ತು ರೆಕಾರ್ಡಿಂಗ್ ಇದೆ ಅಂತ ತನಗೆ ಗೊತ್ತಾಗಿದ್ದೇ ಅವತ್ತು ಬೆಳಿಗ್ಗೆ, ವಾದ್ಯ ಮುಟ್ಟಿ ತಿಂಗಳುಗಳಾಗಿದ್ದವು ಅಂತ ಅವನು ಆಮೇಲೆ ಹೇಳಿಕೊಂಡಿದ್ದಾನೆ. ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಹೇಳಿರಬೇಕು ಬಿಡಿ. ಆದರೆ ಆಲ್ಬಂ ಹೆಸರು ನೋಡಿ, 'ಆರ್ಟ್ ಪೆಪರ್ ಮೀಟ್ಸ್ ದ ರಿದಮ್ ಸೆಕ್ಷನ್'. ಮೂವರ ಹೆಸರು ಬೇಕಾಗಲೇ ಇಲ್ಲ. 1957ರ ಕೇಳುಗರಿಗೆ ಅಷ್ಟು ಹೇಳಿದರೆ ಸಾಕಿತ್ತು. ಆಗ ಇದ್ದ ಈ ಬುದ್ಧಿ ಈಗ ನಮಗ್ಯಾಕೆ ಇಲ್ಲ?

ನಾನು ಸುಮಾರು ಕಾಲದಿಂದ ಪಾಲ್ ಚೇಂಬರ್ಸ್‌ನ ಬೆನ್ನು ಹತ್ತಿದ್ದೇನೆ. ಇವನೊಬ್ಬನನ್ನು ಹಿಡಿದು ಹೊರಟರೆ ಐವತ್ತರ ದಶಕದ ಜಾಝ್ ಪೂರ್ತಿ ಸುತ್ತಿ ಬರಬಹುದು. 'ಟೆನರ್ ಮ್ಯಾಡ್ನೆಸ್' ಹೊತ್ತಿಗೆ ಅವನಿಗೆ 21 ತುಂಬಿ ಒಂದು ತಿಂಗಳಾಗಿತ್ತು. 1957ರ ಸೆಪ್ಟೆಂಬರಿನಲ್ಲಿ ಕೋಲ್ಟ್ರೇನ್‌ನ 'ಬ್ಲೂ ಟ್ರೇನ್', ಅಲ್ಲೂ ಅವನೇ. 1959ರಲ್ಲಿ ಮೈಲ್ಸ್‌ನ 'ಕೈಂಡ್ ಆಫ್ ಬ್ಲೂ', ಅಲ್ಲೂ ಅವನೇ. ಅದರ ಎರಡನೇ ರೆಕಾರ್ಡಿಂಗ್ ನಡೆದದ್ದು ಏಪ್ರಿಲ್ 22ಕ್ಕೆ. ಅವತ್ತೇ ಚೇಂಬರ್ಸ್‌ಗೆ 24 ತುಂಬಿದ್ದು. ಎರಡು ವಾರ ಕಳೆಯುವಷ್ಟರಲ್ಲಿ ಕೋಲ್ಟ್ರೇನ್‌ನ 'ಜೈಂಟ್ ಸ್ಟೆಪ್ಸ್'ಗೆ ಬೇಸ್ ಹಿಡಿದು ನಿಂತಿದ್ದ. ಒಂದು ನಿಧಾನವಾಗಿ ತೇಲುವ ಸಂಗೀತ, ಇನ್ನೊಂದು ಉಸಿರು ಬಿಡದೆ ಓಡುವ ಸಂಗೀತ. ಎರಡನ್ನೂ ಹೊತ್ತವನು ಒಬ್ಬನೇ ಹುಡುಗ. 'ಜೈಂಟ್ ಸ್ಟೆಪ್ಸ್'ನಲ್ಲಿ 'ಮಿಸ್ಟರ್ ಪಿ.ಸಿ.' ಅಂತ ಒಂದು ಹಾಡಿದೆಯಲ್ಲ, ಆ ಪಿ.ಸಿ. ಇವನೇ. ಊದುವವರಿಗೆ ಇವನ ಬೆಲೆ ಚೆನ್ನಾಗಿಯೇ ಗೊತ್ತಿತ್ತು.

ಎಲ್ಲದಕ್ಕೂ ಹೊಗಳುತ್ತೇನೆ ಅಂದುಕೊಳ್ಳಬೇಡಿ. ಅವನು ಕಮಾನು ಹಿಡಿದು ಸೋಲೋ ನುಡಿಸಲು ಶುರು ಮಾಡಿದರೆ ನನಗೆ ಸ್ವಲ್ಪ ಕಷ್ಟವೇ. ಗರಗರ ಅನ್ನುತ್ತದೆ. ಅದನ್ನೇ ಇಷ್ಟಪಡುವವರೂ ಇದ್ದಾರೆ, ಇರಲಿ. ಬೆರಳಿನಿಂದ ನುಡಿಸುವಾಗ ಮಾತ್ರ ಅವನಿಗೆ ಸಾಟಿ ಇಲ್ಲ. 1969ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನ ವಯಸ್ಸು ಬರೀ 33.

ಸರಿ, ಹಿಂದಿನವರನ್ನು ಕೇಳುವುದು ಹೇಗೆ? 'ಸೋ ವಾಟ್' ಹಾಕಿ. ಎಲ್ಲರಿಗೂ ಗೊತ್ತಿರುವ ಹಾಡು, ಆದರೆ ಅದರ ಮುಖ್ಯ ರಾಗ ನುಡಿಸುವುದು ಮೈಲ್ಸ್ ಅಲ್ಲ. ಬೇಸ್. ಚೇಂಬರ್ಸ್ ಒಂದು ಮಾತು ಹೇಳುತ್ತಾನೆ, ಉಳಿದವರು ಎರಡು ಸ್ವರದಲ್ಲಿ ಹೂಂಗುಟ್ಟುತ್ತಾರೆ. ಆಮೇಲೆ ಮೈಲ್ಸ್‌ನ ಸೋಲೋ ಶುರುವಾಗುವ ಜಾಗದಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಲೋಹದ ತಟ್ಟೆಯಂಥ ಸಿಂಬಲ್‌ಗೆ ಒಂದು ಏಟು ಕೊಡುತ್ತಾನೆ. ಝಣ್ ಅಂತ ಅದು ಎಷ್ಟೋ ಹೊತ್ತು ಉಳಿಯುತ್ತದೆ. ಆ ಸದ್ದಿನ ಒಳಗಿಂದಲೇ ಟ್ರಂಪೆಟ್ ಎದ್ದು ಬರುತ್ತದೆ. ಆ ಏಟು ಇಲ್ಲದ ಮೈಲ್ಸ್‌ನ ಪ್ರವೇಶವನ್ನು ನನಗೆ ಊಹಿಸಿಕೊಳ್ಳಲೂ ಆಗುವುದಿಲ್ಲ. ಆ ಆಲ್ಬಂನಲ್ಲಿ ನುಡಿಸಿದವರ ಪೈಕಿ ಕೊನೆಯವರೆಗೆ ಉಳಿದವನೂ ಕಾಬ್. 2020ರ ಮೇ ತಿಂಗಳಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡ.

ಅಲ್ಲಿಂದ ಮುಂದೆ ಬೇಸ್ ನಡೆಯಲು ಶುರು ಮಾಡುತ್ತದೆ. ಬಾರ್ ಅಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಸುತ್ತು. ಬಾರ್‌ಗೆ ನಾಲ್ಕು ಸ್ವರ, ಬೀಟ್‌ಗೆ ಒಂದು. ಇದೇ ವಾಕಿಂಗ್ ಬೇಸ್. ಸುಮ್ನೆ ತಾಳ ಹಾಕುತ್ತಿದ್ದಾನೆ ಅನ್ನಿಸಬಹುದು, ಹಾಗಿಲ್ಲ. ಪ್ರತಿ ಸ್ವರವನ್ನೂ ಆ ಕ್ಷಣದಲ್ಲಿ ಆರಿಸಿಕೊಳ್ಳುತ್ತಾನೆ. ಕೆಳಗಿನ ಸ್ವರ ಬದಲಾದರೆ ಮೇಲಿನವನು ನುಡಿಸುತ್ತಿರುವುದರ ಅರ್ಥವೇ ಬದಲಾಗುತ್ತದೆ. ಡ್ರಮ್ಮರ್ ರೈಡ್ ಸಿಂಬಲ್ ಮೇಲೆ ಅದೇ ನಡಿಗೆಗೆ ಜೊತೆ ಕೊಡುತ್ತಾನೆ. ಎರಡು ಮತ್ತು ನಾಲ್ಕನೇ ಬೀಟಿಗೆ ಕಾಲಿನಲ್ಲಿ ಹೈ-ಹ್ಯಾಟ್ ಅನ್ನುವ ಜೋಡಿ ಸಿಂಬಲ್ ಮುಚ್ಚುತ್ತಾನೆ. ಫಿಲ್ಲಿ ಜೋ ಆದರೆ ಇನ್ನೊಂದು ತರಲೆ ಇರುತ್ತದೆ. 1958ರ 'ಮೈಲ್‌ಸ್ಟೋನ್ಸ್' ಕೇಳಿ, ನಾಲ್ಕನೇ ಬೀಟಿಗೆ ಸ್ನೇರ್ ಡ್ರಮ್ಮಿನ ಅಂಚಿಗೆ ಕೋಲಿನಿಂದ ಒಂದು 'ಟಕ್'. ಒಮ್ಮೆ ಅದು ಕಿವಿಗೆ ಬಿದ್ದರೆ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. (ಕೌಂಟ್ ಬೇಸಿ ತಂಡದಲ್ಲಿ ಆಗಲೇ ಒಬ್ಬ ಜೋ ಜೋನ್ಸ್ ಹೆಸರು ಮಾಡಿದ್ದ, ಅವನೂ ಡ್ರಮ್ಮರ್. ಗೊಂದಲ ಆಗದಿರಲಿ ಅಂತ ಫಿಲಡೆಲ್ಫಿಯಾದ ಇವನು ಫಿಲ್ಲಿ ಜೋ ಆದ.)

ಇನ್ನೊಂದು ವಿಷಯ. ಇದನ್ನೆಲ್ಲ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಡಬಲ್ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. ಆ ಚಿಟಿಕೆಯಷ್ಟು ಸ್ಪೀಕರಿಗೆ ಅದು ಆಗದ ಮಾತು. ಬೇಸ್ ಕೇಳಿಸುವುದೇ ಇಲ್ಲ ಅನ್ನುವವರಲ್ಲಿ ಅರ್ಧ ಜನಕ್ಕೆ ಇದೇ ತೊಂದರೆ ಅಂತ ನನ್ನ ಗುಮಾನಿ. ಇದು ಹೊಸ ಕಥೆಯೂ ಅಲ್ಲ. ಮೈಕ್ ಬರುವುದಕ್ಕೆ ಮುಂಚೆ ಕೊಳವೆಯ ಮುಂದೆ ನುಡಿಸಿ ರೆಕಾರ್ಡ್ ಮಾಡುತ್ತಿದ್ದ ಕಾಲದಲ್ಲಿ, ದೊಡ್ಡ ಡ್ರಮ್ಮಿನ ಏಟಿಗೆ ಮುಳ್ಳು ಹಾರುತ್ತಿತ್ತು. 1923ರಲ್ಲಿ ಕಿಂಗ್ ಆಲಿವರ್ ತಂಡ ರೆಕಾರ್ಡ್ ಮಾಡಿದಾಗ ಬೇಬಿ ಡಾಡ್ಸ್‌ನಂಥ ಡ್ರಮ್ಮರ್ ಬರೀ ಮರದ ತುಂಡು ಕುಟ್ಟಿಕೊಂಡು ಕೂರಬೇಕಾಯಿತು. ಹಿಂದಿನವರ ಬಾಯಿ ಕಟ್ಟುವುದು ಅಲ್ಲಿಂದಲೇ ಶುರು ನೋಡಿ.

ಈಗ ಟಾಮಿ ಫ್ಲಾನಗನ್ ವಿಷಯಕ್ಕೆ ಬರುತ್ತೇನೆ. ಇದಕ್ಕೆ ನನಗೆ ನಿಜವಾಗಿಯೂ ಕೋಪ ಬರುತ್ತದೆ. ಪಿಯಾನೋದವರ ಬಗ್ಗೆ ಮಾತಾಡುವುದೇ ಕಡಿಮೆ, ಮಾತಾಡಿದರೂ ಈ ಒಂದು ಕಥೆ ಹೇಳಿ ನಗುತ್ತಾರೆ. 'ಜೈಂಟ್ ಸ್ಟೆಪ್ಸ್' ಹಾಡಿನಲ್ಲಿ ಫ್ಲಾನಗನ್‌ನ ಸೋಲೋ ತಡವರಿಸುತ್ತದೆ, ಆಮೇಲೆ ಬರೀ ಕಾರ್ಡ್‌ಗಳಿಗೆ, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳಿಗೆ, ಇಳಿದುಬಿಡುತ್ತದೆ. ನಿಜ. ಆದರೆ ಆ ಹಾಡು ನೋಡಿ. 16 ಬಾರ್‌ಗಳಲ್ಲಿ 26 ಕಾರ್ಡ್ ಬದಲಾವಣೆ. ವೇಗ ನಿಮಿಷಕ್ಕೆ 280 ಬೀಟ್ ದಾಟುತ್ತದೆ. ಕೋಲ್ಟ್ರೇನ್ ಆ ಹಾದಿಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ತುಳಿದಿದ್ದ. ಅದೇ ವರ್ಷ ಇದಕ್ಕೂ ಮೊದಲು ಪಿಯಾನೋ ವಾದಕ ಸೀಡರ್ ವಾಲ್ಟನ್ ಜೊತೆ ಒಂದು ಪ್ರಯತ್ನ ನಡೆದಿತ್ತು. ಅದರಲ್ಲಿ ವಾಲ್ಟನ್ ಸೋಲೋ ನುಡಿಸಲೇ ಇಲ್ಲ. ಫ್ಲಾನಗನ್ ನುಡಿಸಿದ, ಅದೇ ಅವನ ತಪ್ಪಾಯಿತು! 1982ರಲ್ಲಿ ಅವನು ಕೋಲ್ಟ್ರೇನ್ ನೆನಪಿಗೆ ಅಂತ 'ಜೈಂಟ್ ಸ್ಟೆಪ್ಸ್' ಹೆಸರಿನದೇ ಆಲ್ಬಂ ಮಾಡಿದ. ಅದೇ ಹಾಡನ್ನು ಸರಾಗವಾಗಿ, ನಗುನಗುತ್ತಾ ನುಡಿಸಿದ್ದಾನೆ. ನಗುವವರು ಇದನ್ನು ಕೇಳಿರುವುದಿಲ್ಲ. ಇನ್ನು ರೋಲಿನ್ಸ್ ಅಭಿಮಾನಿಗಳು ದಿನಾ ಜಪಿಸುವ 1956ರ 'ಸ್ಯಾಕ್ಸೋಫೋನ್ ಕೊಲೋಸಸ್'ನಲ್ಲಿ ಪಿಯಾನೋ ಯಾರದು? ಇದೇ ಫ್ಲಾನಗನ್‌ದು. ಅಲ್ಲಿ ಬೇಸ್ ಹಿಡಿದವನು ಡಗ್ ವಾಟ್ಕಿನ್ಸ್, ಪಾಲ್ ಚೇಂಬರ್ಸ್‌ನ ಸಂಬಂಧಿ. ಎರಡು ಬಣದವರೂ ಹೊಡೆದಾಡುತ್ತಿರುವುದು ಒಂದೇ ಮನೆಯ ಜಗಲಿಯ ಮೇಲೆ.

ಕೋಲ್ಟ್ರೇನ್‌ನ ಆ 'ಜೈಂಟ್ ಸ್ಟೆಪ್ಸ್'ನ ಡ್ರಮ್ಮರ್ ಆರ್ಟ್ ಟೇಲರ್. ಅವನು ಆಮೇಲೆ ಯುರೋಪಿಗೆ ಹೋಗಿ ನೆಲೆಸಿ, ಜೊತೆಯ ಸಂಗೀತಗಾರರನ್ನೇ ಮಾತಾಡಿಸಿ ಒಂದು ಪುಸ್ತಕ ಮಾಡಿದ. ಮೈಲ್ಸ್, ರೋಲಿನ್ಸ್, ನೀನಾ ಸಿಮೋನ್, ಎಲ್ಲರೂ ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದಾರೆ. ಪತ್ರಕರ್ತರ ಮುಂದೆ ಆಡದ ಮಾತುಗಳನ್ನು ಡ್ರಮ್ಮರ್ ಮುಂದೆ ಆಡಿದ್ದಾರೆ.

ಫ್ರೆಡ್ಡಿ ಗ್ರೀನ್ ಬಗ್ಗೆ ಒಂದೆರಡು ಮಾತು ಸಾಕು. ಅವನಿಗೂ ಅದೇ ಇಷ್ಟವಿತ್ತೇನೋ. ಕೌಂಟ್ ಬೇಸಿ ತಂಡದಲ್ಲಿ 1937ರಿಂದ, ತಾನು ಸಾಯುವ 1987ರವರೆಗೆ ಗಿಟಾರ್ ನುಡಿಸಿದ. ಆಂಪ್ಲಿಫೈಯರ್ ಇಲ್ಲ, ಸೋಲೋ ಇಲ್ಲವೆಂದೇ ಹೇಳಬೇಕು. ಬೀಟ್‌ಗೊಂದು ಕಾರ್ಡ್, ಅಷ್ಟೇ. ಅವನನ್ನು ಕೇಳುವುದಕ್ಕಿಂತ, ಅವನಿಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದು ಸುಲಭ.

"ಅದೆಲ್ಲ ಸರಿ, ಇವರನ್ನು ಆರಿಸಿಕೊಂಡವನು ಮೈಲ್ಸ್ ತಾನೇ?" ಅಂತ ಕೇಳುತ್ತಾರೆ. ಒಪ್ಪುತ್ತೇನೆ. ಮೈಲ್ಸ್‌ನ ದೊಡ್ಡ ಗುಣವೇ ಅದು. 1963ರಲ್ಲಿ 17 ವರ್ಷದ ಟೋನಿ ವಿಲಿಯಮ್ಸ್‌ನನ್ನು ಡ್ರಮ್ಸ್ ಮುಂದೆ ಕೂರಿಸಲು ಧೈರ್ಯ ಬೇಕು. ಆದರೆ ಕೂರಿಸಿದ ಮೇಲೆ ಯಾರು ಯಾರನ್ನು ಎಳೆದುಕೊಂಡು ಹೋದರು? ಆ ತಂಡದ ಲೈವ್ ರೆಕಾರ್ಡಿಂಗ್ ಕೇಳಿ ನೋಡಿ. ಟೋನಿ ಓಡಿದ ಕಡೆ ಮೈಲ್ಸ್ ಹೋಗುತ್ತಾನೆ. ಇಬ್ಬರ ನಡುವೆ ನೆಲ ಜಾರದ ಹಾಗೆ ರಾನ್ ಕಾರ್ಟರ್ ಬೇಸ್ ಹಿಡಿದು ನಿಂತಿರುತ್ತಾನೆ. ಅತಿ ಹೆಚ್ಚು ರೆಕಾರ್ಡ್‌ಗಳಲ್ಲಿ ನುಡಿಸಿದ ಜಾಝ್ ಬೇಸ್ ವಾದಕ ಅಂತ ಗಿನ್ನೆಸ್ ದಾಖಲೆ ಇರುವುದು ಅವನ ಹೆಸರಿಗೇ. 2,200ಕ್ಕೂ ಮಿಕ್ಕಿ.

ನಮ್ಮ ತಪ್ಪು ಪೂರ್ತಿ ನಮ್ಮದೂ ಅಲ್ಲ ಅನ್ನಿ. ಹಳೆಯ ಎಲ್‌ಪಿ ಕವರಿನಲ್ಲಿ ಯಾರು ಏನು ನುಡಿಸಿದರು ಅಂತ ಅಚ್ಚಾಗಿರುತ್ತಿತ್ತು. ಬ್ಲೂ ನೋಟ್ ಕಂಪನಿ ಎಷ್ಟೋ ಸಲ ಮುಖಪುಟದಲ್ಲೇ ಹಾಕುತ್ತಿತ್ತು. ಕ್ಯಾನನ್‌ಬಾಲ್ ಆಡರ್ಲಿಯ 1958ರ 'ಸಮ್‌ಥಿಂಗ್ ಎಲ್ಸ್' ಕವರ್ ನೋಡಿ. ಮೈಲ್ಸ್ ಜೊತೆಗೆ ಹ್ಯಾಂಕ್ ಜೋನ್ಸ್, ಸ್ಯಾಮ್ ಜೋನ್ಸ್, ಆರ್ಟ್ ಬ್ಲೇಕಿ ಹೆಸರೂ ಅಲ್ಲೇ ಇದೆ. ಈಗಿನ ಆ್ಯಪ್‌ಗಳಲ್ಲಿ ನಾಯಕನ ಹೆಸರು ಎದುರಿಗೇ ಕಾಣುತ್ತದೆ. ಬೇಸ್ ಯಾರದು ಅಂತ ತಿಳಿಯಲು ಎಲ್ಲೆಲ್ಲೋ ಒತ್ತಬೇಕು, ಒತ್ತಿದರೂ ಎಷ್ಟೋ ಸಲ ಸಿಗುವುದಿಲ್ಲ. ಹುಡುಕಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಚೇಂಬರ್ಸ್ ಆದಮೇಲೆ ಈಗ ನಾನು ಡ್ರಮ್ಮರ್ ಬಿಲ್ಲಿ ಹಿಗಿನ್ಸ್ ಹಿಂದೆ ಬಿದ್ದಿದ್ದೇನೆ. ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಮಾಡಿದ್ದು ಸಂಗೀತವೇ ಅಲ್ಲ ಅನ್ನುವ ಗುಂಪೊಂದಿದೆ. ಅವರಿಗೆ ಟ್ರಂಪೆಟ್ ವಾದಕ ಲೀ ಮಾರ್ಗನ್‌ನ 'ದ ಸೈಡ್‌ವೈಂಡರ್' ಅಂದರೆ ಪ್ರಾಣ, ಕಾಲು ತಾನಾಗಿ ಕುಣಿಯುತ್ತದೆ. ಕೋಲ್ಮನ್ ಅಭಿಮಾನಿಗಳು ಅದೇ 'ಸೈಡ್‌ವೈಂಡರ್' ಕೇಳಿದರೆ ಮೂಗು ಮುರಿಯುತ್ತಾರೆ. 1959ರ ಕೋಲ್ಮನ್ ಆಲ್ಬಂ 'ದ ಶೇಪ್ ಆಫ್ ಜಾಝ್ ಟು ಕಮ್'ಗೆ ಡ್ರಮ್ಸ್ ಬಾರಿಸಿದವನು ಹಿಗಿನ್ಸ್. 1963ರ ಡಿಸೆಂಬರಿನಲ್ಲಿ 'ಸೈಡ್‌ವೈಂಡರ್'ಗೆ ಬಾರಿಸಿದವನೂ ಹಿಗಿನ್ಸ್. ಎರಡನ್ನೂ ಒಂದಾದ ಮೇಲೊಂದು ಹಾಕಿ, ಊದುವವರನ್ನು ಮರೆತು, ಸಿಂಬಲ್ ಒಂದನ್ನೇ ಹಿಡಿದುಕೊಂಡು ಕೇಳಿ ನೋಡಿ. ಎರಡರಲ್ಲೂ ಅದೇ ಹಗುರ ಕೈ.