ಮುರಕಲ್ಲಿನ ಕೆಳಗೆ ಏನಿದೆ?

ಮಂಗಳೂರಿನಲ್ಲಿ ಗುಡ್ಡ ಕಡಿದು ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಹೋಗಿ ಕೇಳಿ. "ಅಡಿಯಲ್ಲಿ ಪಾದೆ (ಗಟ್ಟಿ ಬಂಡೆ) ಉಂಟು, ಹೆದರಬೇಡಿ" ಎನ್ನುತ್ತಾರೆ. ಎಷ್ಟು ಆಳದಲ್ಲಿ ಎಂದರೆ ಒಂದೆರಡು ಬೋರ್‌ಹೋಲಿನ ವರದಿ ತೋರಿಸುತ್ತಾರೆ. ಆ ತೂತುಗಳ ನಡುವಿನ ಜಾಗದಲ್ಲಿ ಏನಿದೆ?

ನಾನಿರುವ ಇಟಲಿಯಲ್ಲಿ ಹೊಸ ಮನೆಗೂ ಭೂವಿಜ್ಞಾನಿಯ ವರದಿ ಬೇಕು. 2018ರ ಅಲ್ಲಿನ ಕಟ್ಟಡ ನಿಯಮ ನೆಲವನ್ನು ವರ್ಗ ಮಾಡುವುದೇ ಶಿಯರ್ ಅಲೆಯ ವೇಗ ನೋಡಿ. ಅದು ನೆಲವನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುವ ಕಂಪನ; ಗಟ್ಟಿ ನೆಲದಲ್ಲಿ ಜೋರು, ಮೆತ್ತನೆ ನೆಲದಲ್ಲಿ ನಿಧಾನ. ಸೆಕೆಂಡಿಗೆ 800 ಮೀಟರ್ ಮುಟ್ಟಿದರೆ ಅದು ಬಂಡೆ. ಅಲ್ಲಿ ಭೂಕಂಪ ಜಾಸ್ತಿ, ಅದಕ್ಕೇ ಈ ನಿಯಮ, ನಿಜ. ಆದರೆ ಕರಾವಳಿಗೆ ಈ ಅಲೆಯ ವೇಗದ ಪರೀಕ್ಷೆ ಬೇಕು ಎನ್ನಲು ನನ್ನ ಕಾರಣವೇ ಬೇರೆ. ನಮ್ಮ ಮಣ್ಣು.

ಮಣಿಪಾಲದ ಗುಡ್ಡವನ್ನೇ ನೋಡಿ. ಮೇಲೆ ಗಟ್ಟಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಅದರಡಿ ಶೇಡಿ ಮಣ್ಣು, ಒಣಗಿದಾಗ ಗಟ್ಟಿ, ಮಳೆನೀರು ಕುಡಿದರೆ ಕುಸಿಯುವಂಥದ್ದು. ಅದರ ಕೆಳಗೆ ಶಿಥಿಲ ಕಲ್ಲು, ಆಮೇಲೆ ನಿಜವಾದ ಪಾದೆ. ಗಟ್ಟಿ ಪದರದ ಕೆಳಗೆ ಮೆತ್ತನೆ ಪದರ! ಆಳದ ಪದರದಲ್ಲಿ ಬಾಗಿ ಮೇಲೆ ಬರುವ ಕಂಪನದ ಸಮಯ ಅಳೆಯುವ ಹಳೆಯ ರಿಫ್ರಾಕ್ಷನ್ ವಿಧಾನ ಸೋಲುವುದು ಇಲ್ಲೇ. ಆಳಕ್ಕೆ ಹೋದಂತೆ ವೇಗ ಏರುತ್ತಲೇ ಇದ್ದರೆ ಮಾತ್ರ ಅದರ ಲೆಕ್ಕ ಸರಿ. ನಡುವಿನ ಶೇಡಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮೇಲ್ಮೈ ಅಲೆಗಳ ವಿಧಾನಕ್ಕೆ, ಅಂದರೆ ಮಾಸ್ವ್‌ಗೆ (MASW), ಈ ತೊಡಕಿಲ್ಲ. 1999ರಲ್ಲಿ ಪಾರ್ಕ್, ಮಿಲ್ಲರ್, ಶಿಯಾ ಎಂಬ ಮೂವರು ಇದನ್ನು ವಿವರವಾಗಿ ಪ್ರಕಟಿಸಿದರು. ನೆಲದ ಮೇಲೆ ಸಾಲಾಗಿ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ) ನೆಡುವುದು, ಸಾಮಾನ್ಯವಾಗಿ 24. ಒಂದು ತುದಿಯಲ್ಲಿ ತಟ್ಟೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಕಡಿಮೆ ಉದ್ದದ ಅಲೆ ಮೇಲ್ಪದರದಲ್ಲೇ ಓಡುತ್ತದೆ, ಉದ್ದದ ಅಲೆ ಆಳದ ಪದರವನ್ನೂ ಅಲುಗಿಸುತ್ತದೆ. ಯಾವ ಅಲೆ ಎಷ್ಟು ವೇಗದಲ್ಲಿ ಬಂತು ಎಂಬುದರಿಂದ ಒಳಗಿನ ಪದರಗಳ ಗಟ್ಟಿತನ ಲೆಕ್ಕ ಹಾಕುತ್ತಾರೆ. ಬರೀ ಸುತ್ತಿಗೆಯಲ್ಲೇ ಸುಮಾರು 20-30 ಮೀಟರ್ ಆಳ ಸಿಗಬಹುದು. ನಮ್ಮ ಅಡಿಪಾಯಗಳಿಗೆ ಹೆಚ್ಚಿನ ಕಡೆ ಅಷ್ಟು ಸಾಕು.

ಇದೊಂದೇ ಸಾಕು ಎನ್ನುತ್ತಿಲ್ಲ. ಸಿಗುವುದು ಸಾಲಿನಡಿಯ ಸರಾಸರಿ. ಶೇಡಿಯೊಳಗೆ ಹುದುಗಿದ ಒಂಟಿ ಗುಂಡುಕಲ್ಲು ತಪ್ಪಿಹೋಗಬಹುದು. ಒಂದೇ ಅಳತೆಗೆ ಎರಡು ಮೂರು ಬಗೆಯ ಪದರಚಿತ್ರ ಹೊಂದಬಹುದು, ಹಾಗಾಗಿ ಬೋರ್‌ಹೋಲ್ ಬೇಕೇ ಬೇಕು. ನನ್ನ ತಕರಾರು ಕ್ರಮದ ಬಗ್ಗೆ. ನಮ್ಮಲ್ಲಿ ಸುಮ್ನೆ ಸೈಟಿನ ಮೂಲೆ ನೋಡಿ ತೂತು ಕೊರೆಯುತ್ತಾರೆ. ಮೊದಲು ಮಾಸ್ವ್ ಸಾಲು ಹಾಕಿ, ವೇಗ ಇಳಿದ ಜಾಗದಲ್ಲೇ ಕೊರೆಯಬೇಕು ಅಲ್ವಾ? ಅದೂ ಜೆಸಿಬಿ ಗುಡ್ಡಕ್ಕೆ ಬಾಯಿ ಹಾಕುವ ಮೊದಲು. ಮುರಕಲ್ಲಿನ ಹೊದಿಕೆ ಒಮ್ಮೆ ಕಿತ್ತರೆ ಶೇಡಿ ಬಯಲಾಗುತ್ತದೆ, ಜೂನ್ ಬಂದಾಗ ಮೇಲಿನ ಮನೆಯವರಿಗೂ ಅಪಾಯ. ಅವರ ಅಂಗಳದವರೆಗೂ ಆ ಸಾಲು ಹೋಗಲಿ.